ಗ್ರಾಮ ಪಂಚಾಯಿತಿಗಳಲ್ಲಿ ಮಾಹಿತಿ ತಂತ್ರಜ್ಞಾನ ಯೋಜನೆಗಳ ನಿರ್ವಹಣೆ: ಸದಸ್ಯರು ತಿಳಿದಿರಬೇಕಾದ ಮೂಲಾಂಶಗಳು

ಗ್ರಾಮ ಪಂಚಾಯಿತಿಯ ಇಂದಿನ ಕೆಲಸಗಳಲ್ಲಿ ಗಣಕಯಂತ್ರದ ನೆರವಿಲ್ಲದೆ ಮುಗಿಯುವಂಥವು ಬಹಳ ಕಡಿಮೆ. ಮನೆ ಮತ್ತು ನಿವೇಶನದ ದಾಖಲೆಗೆ ಇ-ಸ್ವತ್ತು, ಕರದ ಬೇಡಿಕೆ ಹಾಗೂ ವಸೂಲಿಗೆ ಪಂಚತಂತ್ರ, ಕೇಂದ್ರ ಹಣಕಾಸು ಆಯೋಗದ ಅನುದಾನದ ಕ್ರಿಯಾ ಯೋಜನೆ ಹಾಗೂ ಪಾವತಿಗೆ ಇ-ಗ್ರಾಮ ಸ್ವರಾಜ್, ಸಾರ್ವಜನಿಕರ ಅರ್ಜಿಗಳಿಗೆ ಬಾಪೂಜಿ ಸೇವಾ ಕೇಂದ್ರ ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ವ್ಯವಸ್ಥೆ ಬಂದಿದೆ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಕೂಲಿಕಾರರ ಹಾಜರಾತಿಯನ್ನು ಮೊಬೈಲ್ ಮೂಲಕ, ದಿನಕ್ಕೆ ಎರಡು ಬಾರಿ ಛಾಯಾಚಿತ್ರದೊಡನೆ ದಾಖಲಿಸುವುದು ಕಡ್ಡಾಯವಾಯಿತು.

ಇಂತಹ ವಿಷಯ ಸಭೆಯ ಮುಂದೆ ಬಂದಾಗ ಅನೇಕ ಸದಸ್ಯರು, "ಇದು ಬೆಂಗಳೂರಿನಿಂದ ಬಂದ ತಂತ್ರಾಂಶ; ಇದರಲ್ಲಿ ನಾವು ಮಾಡುವುದೇನಿದೆ? ಆಪರೇಟರ್ ನೋಡಿಕೊಳ್ಳುತ್ತಾರೆ" ಎಂದು ಮುಂದಿನ ವಿಷಯಕ್ಕೆ ಸರಿಯುವುದುಂಟು. ಈ ಭಾವನೆ ಸರಿಯಲ್ಲ ಎಂಬುದನ್ನು ವಿವರಿಸುವುದೇ ಈ ಪಾಠದ ಉದ್ದೇಶ. ತಂತ್ರಾಂಶ ಮೇಲಿನಿಂದ ಬರಬಹುದು; ಆದರೆ ಅದರೊಳಗೆ ಸೇರುವ ಹೆಸರು, ಅಳತೆ, ಚೆಕ್ಕುಬಂದಿ ಮತ್ತು ಬಾಕಿ ಮೊತ್ತ ಇವೆಲ್ಲ ಪಂಚಾಯಿತಿಯಿಂದಲೇ ಹೋಗಬೇಕು. ಅವು ಸರಿಯಾಗಿ ಹೋಗುವಂತೆ ನೋಡಿಕೊಳ್ಳಲು ಗಣಕಯಂತ್ರದ ವಿದ್ಯೆ ಬೇಕಿಲ್ಲ; ಊರಿನ ಅರಿವು ಮತ್ತು ಸಕಾಲದಲ್ಲಿ ಸರಿಯಾದ ಪ್ರಶ್ನೆ ಕೇಳುವ ಅಭ್ಯಾಸ ಬೇಕು.

ಪಾಠದ ಉದ್ದೇಶಗಳು

ಈ ಪಾಠವನ್ನು ಓದಿದ ನಂತರ ಸದಸ್ಯರು,
1. ಮಾಹಿತಿ ತಂತ್ರಜ್ಞಾನ ಯೋಜನೆಗೂ ಯಂತ್ರ ಖರೀದಿಗೂ ಇರುವ ವ್ಯತ್ಯಾಸವನ್ನು ವಿವರಿಸಬಲ್ಲವರಾಗುತ್ತಾರೆ.
2. ಯೋಜನೆಯ ಹಂತಗಳನ್ನೂ ಪ್ರತಿ ಹಂತದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೂ ಗುರುತಿಸಬಲ್ಲವರಾಗುತ್ತಾರೆ.
3. ಕಾಲಾವಧಿ ಮತ್ತು ವೆಚ್ಚವನ್ನು ಸರಳ ಲೆಕ್ಕದಿಂದ ಪರಿಶೀಲಿಸಬಲ್ಲವರಾಗುತ್ತಾರೆ.
4. ಡಿಜಿಟಲ್ ಸಹಿ ಮತ್ತು ಜನರ ಖಾಸಗಿ ಮಾಹಿತಿಯ ವಿಷಯದಲ್ಲಿ ಪಂಚಾಯಿತಿಯ ಹೊಣೆಯನ್ನು ಅರಿಯುತ್ತಾರೆ.

1. ಯೋಜನೆ ಎಂದರೇನು?

ಪಂಚಾಯಿತಿಯ ವ್ಯವಹಾರದಲ್ಲಿ 'ಯೋಜನೆ' ಎಂದರೆ ಸಾಮಾನ್ಯವಾಗಿ ಸರ್ಕಾರದ ಕಾರ್ಯಕ್ರಮ. ಇಲ್ಲಿ ಆ ಮಾತನ್ನು ಇನ್ನೂ ಸೀಮಿತ ಅರ್ಥದಲ್ಲಿ ಬಳಸಲಾಗಿದೆ. ಗೊತ್ತಾದ ಗುರಿ, ಆರಂಭದ ದಿನ, ಮುಕ್ತಾಯದ ದಿನ, ವೆಚ್ಚದ ಮಿತಿ ಮತ್ತು ಹೊಣೆ ಹೊತ್ತ ವ್ಯಕ್ತಿ ಈ ಐದೂ ಇರುವ ಕೆಲಸವೇ ಯೋಜನೆ.

ಸದಸ್ಯರಿಗೆ ಪರಿಚಿತವಾದ ಚರಂಡಿ ಕಾಮಗಾರಿಯನ್ನೇ ಗಮನಿಸೋಣ. ಅದಕ್ಕೆ ಅಂದಾಜು ಪಟ್ಟಿ ಇರುತ್ತದೆ, ಕಾರ್ಯಾದೇಶ ಇರುತ್ತದೆ, ಅಭಿಯಂತರರು ಅಳತೆ ಪುಸ್ತಕದಲ್ಲಿ ಬರೆದ ಮೇಲೆಯೇ ಹಣ ಪಾವತಿಯಾಗುತ್ತದೆ. ಉದ್ದ ಕಡಿಮೆಯಾಗಿದ್ದರೆ ಟೇಪು ಹಿಡಿದು ತೋರಿಸಬಹುದು. ನೀರು ಹರಿಯದಿದ್ದರೆ ಓಣಿಯ ಜನರೇ ಹೇಳುತ್ತಾರೆ. ಮಾಹಿತಿ ತಂತ್ರಜ್ಞಾನದ ಕೆಲಸಕ್ಕೂ ಇವೆಲ್ಲ ಬೇಕು. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಹೊಸ ಗಣಕಯಂತ್ರ ಮೇಜಿನ ಮೇಲೆ ಬಂದು ಕುಳಿತಾಗ ಕೆಲಸ ಮುಗಿದಂತೆ ತೋರುತ್ತದೆ. ವಾಸ್ತವವಾಗಿ ಅಲ್ಲಿಗೆ ಮುಗಿದಿರುವುದು ಖರೀದಿ ಮಾತ್ರ.

ಹಾಗಾದರೆ ಇಂತಹ ಯೋಜನೆಯ 'ಅಳತೆ ಪುಸ್ತಕ' ಯಾವುದು? ಕಚೇರಿಗೆ ಬಂದ ಗ್ರಾಮಸ್ಥರ ಕೆಲಸ ಮೊದಲಿಗಿಂತ ಬೇಗ, ತಪ್ಪಿಲ್ಲದೆ, ಹೆಚ್ಚಿನ ಅಲೆದಾಟವಿಲ್ಲದೆ ಆಗುತ್ತಿದೆಯೇ ಎಂಬುದೇ ಅದರ ಅಳತೆ. 'ಎರಡು ಗಣಕಯಂತ್ರ ಅಳವಡಿಸುವುದು' ಎಂಬುದು ಗುರಿಯಲ್ಲ. 'ಆಸ್ತಿಯ ನಕಲು ಕೇಳಿ ಅರ್ಜಿ ಕೊಟ್ಟವರಿಗೆ ನಿಗದಿತ ಅವಧಿಯೊಳಗೆ, ಹೆಸರು ಮತ್ತು ಅಳತೆ ಸರಿಯಾಗಿರುವ ನಕಲು ದೊರೆಯುವುದು' ಎಂಬುದು ಗುರಿ. ಠರಾವಿನಲ್ಲಿ ಗುರಿಯನ್ನು ಈ ರೀತಿಯಲ್ಲಿ ಬರೆದಾಗ ಮಾತ್ರ ಮುಂದೆ ಅದನ್ನು ಅಳೆಯಲು ಸಾಧ್ಯ.

2. ನಮ್ಮ ರಾಜ್ಯದ ಅನುಭವ: ಭೂಮಿ ಯೋಜನೆ

ಈ ಮಾತಿಗೆ ಕರ್ನಾಟಕದಲ್ಲಿಯೇ ದೊಡ್ಡ ನಿದರ್ಶನವಿದೆ. ನಮ್ಮ ಭಾಗದಲ್ಲಿ ಉತಾರ ಎಂದು ಕರೆಯುವ ಪಹಣಿ ಪತ್ರಿಕೆಗಳನ್ನು ಹಿಂದೆ ತಲಾಠಿಗಳು ಕೈಬರಹದಲ್ಲಿ ಇಡುತ್ತಿದ್ದರು. ಉತಾರ ಬೇಕಾದ ರೈತರು ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. 1990ರ ದಶಕದಲ್ಲಿ ಈ ದಾಖಲೆಗಳನ್ನು ಗಣಕೀಕರಿಸುವ ಪ್ರಯತ್ನಗಳು ನಡೆದವು; ಆದರೆ ಅವು ಫಲಿಸಲಿಲ್ಲ. ದಾಖಲೆಗಳನ್ನು ಒಮ್ಮೆ ಯಂತ್ರಕ್ಕೆ ಏರಿಸಲಾಯಿತೇ ಹೊರತು, ಹೊಲ ಮಾರಾಟವಾದಾಗ ಅಥವಾ ವಾರಸುದಾರರ ಹೆಸರು ಸೇರಿದಾಗ ಆ ಬದಲಾವಣೆಯನ್ನು ಅದೇ ಯಂತ್ರದಲ್ಲಿ ದಾಖಲಿಸುವ ವ್ಯವಸ್ಥೆ ತಾಲೂಕು ಮಟ್ಟದಲ್ಲಿ ಇರಲಿಲ್ಲ. ಹೀಗಾಗಿ ಯಂತ್ರದ ದಾಖಲೆ ಹಳೆಯದಾಗಿ ಉಳಿಯಿತು. ನಿಜವಾದ ದಾಖಲೆ ತಲಾಠಿಯ ಪುಸ್ತಕದಲ್ಲಿಯೇ ಮುಂದುವರಿಯಿತು.

ಆನಂತರ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನಿಂದ ಜಾರಿಗೆ ತಂದ 'ಭೂಮಿ' ಯೋಜನೆ ಈ ಕೊರತೆಯನ್ನು ನೀಗಿಸಿತು. ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ತಾಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿ ಶುಲ್ಕ ಕೊಟ್ಟು ರೈತರು ಪಹಣಿ ಪಡೆಯುವಂತಾಯಿತು. ಇದರ ಯಶಸ್ಸಿನಲ್ಲಿ ಯಂತ್ರಕ್ಕಿಂತ ಹೆಚ್ಚಿನ ಪಾತ್ರ ನಿರ್ವಹಣೆಯ ನಾಲ್ಕು ಕ್ರಮಗಳದು.

ಒಂದು, ಯಂತ್ರಕ್ಕೆ ಏರಿಸಿದ ದಾಖಲೆಯನ್ನು ಮುದ್ರಿಸಿ, ಮೂಲ ದಾಖಲೆ ಬರೆದ ತಲಾಠಿಗಳಿಗೇ ಮರಳಿ ಕೊಟ್ಟು ತಾಳೆ ನೋಡಿಸಲಾಯಿತು. ಎರಡು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡುವ ಕ್ರಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಮೂರು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಪ್ರವೇಶಿಸಬೇಕಾದ್ದರಿಂದ ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದಕ್ಕೆ ದಾಖಲೆ ಉಳಿಯಿತು. ನಾಲ್ಕು, ಗಣಕೀಕೃತ ಪಹಣಿ ಜಾರಿಯಾದ ತಾಲೂಕಿನಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನು ನಿಲ್ಲಿಸಲಾಯಿತು. ಹಳೆಯ ದಾರಿ ತೆರೆದೇ ಇದ್ದಿದ್ದರೆ ಹೊಸ ದಾರಿಯಲ್ಲಿ ಯಾರೂ ನಡೆಯುತ್ತಿರಲಿಲ್ಲ.

ಭೂಮಿಯ ಅನುಭವದಲ್ಲಿ ಎಚ್ಚರಿಕೆಯ ಪಾಠವೂ ಇದೆ. ಕೈಬರಹದ ಪುಸ್ತಕದಲ್ಲಿದ್ದ ತಪ್ಪು ಹೆಸರು, ತಪ್ಪು ಕ್ಷೇತ್ರ ಹಾಗೆಯೇ ಯಂತ್ರಕ್ಕೂ ಸೇರಿದಲ್ಲಿ, ಪಹಣಿ ತಿದ್ದುಪಡಿಗಾಗಿ ರೈತರು ಇಂದಿಗೂ ಅಲೆಯಬೇಕಾಗಿದೆ. ಕೈಬರಹದ ತಪ್ಪನ್ನು ಜನ ಸಂಶಯಿಸುತ್ತಾರೆ. ಮುದ್ರಿತ ಕಾಗದದ ತಪ್ಪನ್ನು ನಂಬುತ್ತಾರೆ. ಆದ್ದರಿಂದ ಗಣಕೀಕರಣಕ್ಕೆ ಮೊದಲು ತಪ್ಪು ತಿದ್ದುವ ಕೆಲಸಕ್ಕೆ ಸಮಯ ಮೀಸಲಿಡಬೇಕು.

3. ನಮ್ಮ ಜಿಲ್ಲೆಯ ಅನುಭವ: ಬ್ಯಾಡಗಿ ಮಾರುಕಟ್ಟೆ

ತಂತ್ರಜ್ಞಾನದಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಒಂದು ನಿದರ್ಶನ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇಲ್ಲಿ ರೈತರು ತಂದ ಚೀಲಗಳಿಗೆ ದಲಾಲಿ ಅಂಗಡಿಯಲ್ಲಿ ಲಾಟ್ ಸಂಖ್ಯೆ ದೊರೆಯುತ್ತದೆ. ಖರೀದಿದಾರರು ಮಾಲು ನೋಡಿ ನಿಗದಿತ ವೇಳೆಯೊಳಗೆ ಇ-ಟೆಂಡರ್‌ನಲ್ಲಿ ದರ ನಮೂದಿಸುತ್ತಾರೆ. ವೇಳೆ ಮುಗಿದ ಮೇಲೆ ಪ್ರತಿ ಲಾಟಿನ ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ. ರಾಜ್ಯದ ಮಾರುಕಟ್ಟೆಗಳನ್ನು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಕರ್ನಾಟಕವು 2014ರಲ್ಲಿ ಆರಂಭಿಸಿತು. ರಾಷ್ಟ್ರಮಟ್ಟದ ಇ-ನಾಮ್ ಬಂದದ್ದು 2016ರಲ್ಲಿ. ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುವ ಪದ್ಧತಿಗೆ ಹೋಲಿಸಿದರೆ, ಯಾರು ಎಷ್ಟು ದರ ಕೂಗಿದರು ಎಂಬುದರ ದಾಖಲೆ ಇಲ್ಲಿ ಸ್ಪಷ್ಟ.

ಆದರೆ 2024ರ ಮಾರ್ಚ್ 11ರಂದು ದರ ಹಠಾತ್ತನೆ ಕುಸಿದುದರಿಂದ ರೈತರಲ್ಲಿ ಉಂಟಾದ ಆಕ್ರೋಶವು ಹಿಂಸೆಗೆ ತಿರುಗಿ, ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದುದನ್ನು ನಾವೆಲ್ಲರೂ ಬಲ್ಲೆವು. ಆ ಘಟನೆಯ ಕಾರಣಗಳ ವಿಮರ್ಶೆ ಈ ಪಾಠದ ವಿಷಯವಲ್ಲ. ನಿರ್ವಹಣೆಯ ದೃಷ್ಟಿಯಿಂದ ಎರಡು ಅಂಶಗಳನ್ನು ಮಾತ್ರ ಗಮನಿಸಬೇಕು. ಮೊದಲನೆಯದು, ಗಣಕಯಂತ್ರ ದರವನ್ನು ದಾಖಲಿಸಬಲ್ಲದು. ದರವನ್ನೂ ಅದರ ಮೇಲಿನ ವಿಶ್ವಾಸವನ್ನೂ ಅದು ಸೃಷ್ಟಿಸಲಾರದು. ವಿಶ್ವಾಸ ಬೆಳೆಯಬೇಕಾದರೆ ವ್ಯವಸ್ಥೆಯ ಜೊತೆಗೆ ವಿವರಣೆ ಬೇಕು, ದೂರು ಕೇಳುವ ಮನುಷ್ಯರು ಬೇಕು. ಎರಡನೆಯದು, ಯಾವ ಕಚೇರಿಗೂ ಬೆಂಕಿ, ಮಳೆ, ಕಳವಿನ ಅಪಾಯ ತಪ್ಪಿದ್ದಲ್ಲ. ದಾಖಲೆಯ ಪ್ರತಿ ಕಚೇರಿಯ ಹೊರಗೂ ಒಂದೆಡೆ ಸುರಕ್ಷಿತವಾಗಿರಬೇಕು. ಪಂಚಾಯಿತಿಯ ಗಣಕಯಂತ್ರದಲ್ಲಿ ಮಾತ್ರ ಇರುವ ಕಡತಗಳು ಯಾವುವು, ಅವುಗಳ ಪ್ರತಿ ಎಲ್ಲಿದೆ ಎಂದು ಸದಸ್ಯರು ಕೇಳಲೇಬೇಕು.

4. ಯೋಜನೆಯ ಹಂತಗಳು

ಮೇಲಿನ ಎರಡೂ ಅನುಭವಗಳನ್ನು ಪಂಚಾಯಿತಿಯ ಅಳತೆಗೆ ಇಳಿಸಿದರೆ ಆರು ಹಂತಗಳು ದೊರೆಯುತ್ತವೆ.

(ಅ) ಅಗತ್ಯದ ಗುರುತು. ಯಾರ ಯಾವ ತೊಂದರೆಯನ್ನು ನಿವಾರಿಸಬೇಕಾಗಿದೆ? ಉತ್ತರ ಒಂದು ವಾಕ್ಯದಲ್ಲಿ ಬರದಿದ್ದರೆ ಯೋಜನೆ ಇನ್ನೂ ಸಿದ್ಧವಾಗಿಲ್ಲ. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಬಂದ ದೂರುಗಳೇ ಇದಕ್ಕೆ ಮೊದಲ ಆಧಾರ.

(ಆ) ವ್ಯಾಪ್ತಿಯ ನಿರ್ಣಯ. ಏನನ್ನು ಮಾಡಲಾಗುವುದು ಎಂಬುದರಂತೆಯೇ, ಏನನ್ನು ಈ ಬಾರಿ ಮಾಡಲಾಗುವುದಿಲ್ಲ ಎಂಬುದನ್ನೂ ಬರೆಯಬೇಕು. ಆಸ್ತಿ ದಾಖಲೆಯ ಪರಿಶೀಲನೆ ಎಂದು ಆರಂಭಿಸಿ, ನಡುವೆ ನಳದ ಸಂಪರ್ಕ, ಬೀದಿದೀಪ, ಪಡಿತರ ಚೀಟಿ ಎಂದು ಸೇರಿಸುತ್ತ ಹೋದರೆ ಒಂದೂ ಮುಗಿಯದು.

(ಇ) ಹೊಣೆಯ ಹಂಚಿಕೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಗಣಕಯಂತ್ರ ನಿರ್ವಾಹಕರು, ಕರ ವಸೂಲಿಗಾರರು ಇವರಲ್ಲಿ ಯಾವ ಕೆಲಸಕ್ಕೆ ಯಾರು ಉತ್ತರದಾಯಿ ಎಂಬುದು ನಡವಳಿಯಲ್ಲಿ ದಾಖಲಾಗಬೇಕು. 'ಎಲ್ಲರೂ ಸೇರಿ' ಎಂದು ಬರೆದ ಕೆಲಸಕ್ಕೆ ಕೊನೆಗೆ ಯಾರೂ ಸಿಗುವುದಿಲ್ಲ.

(ಈ) ಖರೀದಿ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಹಾಗೂ ನಿಯಮಗಳು ಗಣಕಯಂತ್ರಕ್ಕೂ ಅನ್ವಯಿಸುತ್ತವೆ. ಬೇಕಾದ ಸಾಮರ್ಥ್ಯವನ್ನು ನಮೂದಿಸಬೇಕೇ ಹೊರತು ಒಂದೇ ಕಂಪನಿಗೆ ಹೊಂದುವಂತೆ ವಿವರ ಬರೆಯಬಾರದು. ಯಂತ್ರ ಬಂದು, ಅಳವಡಿಸಿ, ನಡೆಸಿ ನೋಡಿ, ದಾಸ್ತಾನು ವಹಿಯಲ್ಲಿ ನಮೂದಾದ ಮೇಲೆಯೇ ಹಣ ಪಾವತಿಸಬೇಕು.

(ಉ) ಪ್ರಯೋಗ. ಮೊದಲು ಒಂದೇ ವಾರ್ಡಿನಲ್ಲಿ ಕೆಲಸ ಮಾಡಿ ನೋಡಬೇಕು. ಅಲ್ಲಿ ಕಂಡ ತಪ್ಪುಗಳನ್ನು ತಿದ್ದಿದ ಮೇಲೆ ಉಳಿದ ವಾರ್ಡುಗಳಿಗೆ ವಿಸ್ತರಿಸಬೇಕು. ಒಂದು ವಾರ್ಡಿನ ತಪ್ಪನ್ನು ಒಂದು ವಾರದಲ್ಲಿ ತಿದ್ದಬಹುದು. ಇಡೀ ಪಂಚಾಯಿತಿಯ ತಪ್ಪನ್ನು ತಿದ್ದಲು ವರ್ಷ ಬೇಕಾದೀತು.

(ಊ) ಹಸ್ತಾಂತರ ಮತ್ತು ನಿರ್ವಹಣೆ. ಹಳೆಯ ವಹಿ ಯಾವ ದಿನಾಂಕದವರೆಗೆ, ಹೊಸ ವ್ಯವಸ್ಥೆ ಯಾವ ದಿನಾಂಕದಿಂದ ಎಂಬುದನ್ನು ಸಭೆಯಲ್ಲಿ ನಿಗದಿಪಡಿಸಬೇಕು. ಕೆಲಕಾಲ ಎರಡನ್ನೂ ಜೊತೆಯಾಗಿ ನಡೆಸುವುದು ಸರಿ. ಕೊನೆಯ ದಿನಾಂಕವಿಲ್ಲದೆ ನಡೆಸಿದರೆ ಎರಡೂ ಅಪೂರ್ಣವಾಗಿ ಉಳಿಯುತ್ತವೆ.

5. ಲೆಕ್ಕದ ಉದಾಹರಣೆ

ರಾಣೆಬೆನ್ನೂರು ತಾಲೂಕಿನ ಒಂದು ಗ್ರಾಮ ಪಂಚಾಯಿತಿಯನ್ನು ಊಹಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ಅಲ್ಲಿ 2,400 ಆಸ್ತಿಗಳಿವೆ. ಬೇಡಿಕೆ ವಹಿಯ ಹೆಸರುಗಳಿಗೂ ಗಣಕಯಂತ್ರದಲ್ಲಿರುವ ಹೆಸರುಗಳಿಗೂ ತಾಳೆಯಾಗುತ್ತಿಲ್ಲ. ತಂದೆ ತೀರಿಕೊಂಡು ಹತ್ತು ವರ್ಷವಾದರೂ ಅವರ ಹೆಸರೇ ಉಳಿದಿದೆ; ಒಂದೇ ಮನೆ ಎರಡು ಸಂಖ್ಯೆಗಳಲ್ಲಿ ದಾಖಲಾಗಿದೆ; ಕೆಲವು ಮನೆಗಳು ದಾಖಲೆಯಲ್ಲೇ ಇಲ್ಲ. ಮನೆಮನೆಗೆ ಹೋಗಿ ಪರಿಶೀಲಿಸಲು ಸಭೆ ತೀರ್ಮಾನಿಸುತ್ತದೆ. "ಹದಿನೈದು ದಿನದಲ್ಲಿ ಮುಗಿಸುತ್ತೇವೆ" ಎಂಬ ಭರವಸೆ ಕೇಳಿಬರುತ್ತದೆ. ಅದು ಸಾಧ್ಯವೇ?

ಇಬ್ಬರ ಒಂದು ತಂಡ ದಿನಕ್ಕೆ 30 ಮನೆಗಳನ್ನು ಪರಿಶೀಲಿಸಬಲ್ಲದು ಎಂದುಕೊಳ್ಳೋಣ. ಎರಡು ತಂಡಗಳಿಂದ ದಿನಕ್ಕೆ 60 ಮನೆ. 2,400 ಮನೆಗಳಿಗೆ 40 ಕೆಲಸದ ದಿನಗಳು. ಹತ್ತರಲ್ಲಿ ಒಂದು ಮನೆಗೆ ಬೀಗ ಹಾಕಿದ್ದರೆ 240 ಮನೆಗಳಿಗೆ ಮತ್ತೊಮ್ಮೆ ಹೋಗಬೇಕು. ಅದಕ್ಕೆ 4 ದಿನ. ಅಂದರೆ ಒಟ್ಟು 44 ಕೆಲಸದ ದಿನಗಳು. ಐದರಲ್ಲಿ ಒಂದು ದಾಖಲೆಗೆ ತಿದ್ದುಪಡಿ ಬೇಕೆಂದರೆ 480 ತಿದ್ದುಪಡಿಗಳು. ನಿತ್ಯದ ಕೆಲಸದ ಜೊತೆಗೆ ನಿರ್ವಾಹಕರು ದಿನಕ್ಕೆ 20ನ್ನು ನಮೂದಿಸಿದರೆ 24 ದಿನ; ಇದು ಪರಿಶೀಲನೆಯ ಜೊತೆಯಲ್ಲಿಯೇ ಸಾಗಬಹುದು. ತಿಂಗಳಿಗೆ 25 ಕೆಲಸದ ದಿನಗಳೆಂದರೂ ಸುಮಾರು ಎರಡು ತಿಂಗಳಾಯಿತು. ಹಬ್ಬ, ಮಳೆ, ವಿದ್ಯುತ್ ಕಡಿತ, ಸರ್ವರ್ ತೊಂದರೆಗಳಿಗಾಗಿ ಇನ್ನೂ ಹದಿನೈದು ದಿನ ಸೇರಿಸಿ, ಎರಡೂವರೆ ತಿಂಗಳ ಅವಧಿ ನಿಗದಿಪಡಿಸುವುದು ಪ್ರಾಮಾಣಿಕವಾದ ಯೋಜನೆ. ಹದಿನೈದು ದಿನದ ಭರವಸೆಯನ್ನು ಒಪ್ಪಿದರೆ ಮನೆಗೆ ಹೋಗದೆ ಕಚೇರಿಯಲ್ಲಿಯೇ ಕುಳಿತು ಕಾಲಂ ತುಂಬುವ ಕೆಲಸಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಸದಸ್ಯರ ಅರಿವು ಇಲ್ಲಿಯೇ ನೆರವಿಗೆ ಬರಬೇಕು. ಬೀಜೋತ್ಪಾದನೆಯ ಹೊಲಗಳಿಗೆ ಬೆಳಿಗ್ಗೆಯೇ ಹೊರಡುವ ಕುಟುಂಬಗಳು ಹಗಲು ಮನೆಯಲ್ಲಿ ಸಿಗುವುದಿಲ್ಲ. ಬ್ಯಾಡಗಿ ಭಾಗದಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಓಣಿಗಳೇ ಖಾಲಿಯಾಗಿರುತ್ತವೆ. ಯಾವ ತಿಂಗಳು, ಯಾವ ಹೊತ್ತು ಹೋಗಬೇಕೆಂಬುದು ಯಾವ ತಂತ್ರಾಂಶದಲ್ಲಿಯೂ ಬರೆದಿರುವುದಿಲ್ಲ. ವಾರ್ಡಿನ ಸದಸ್ಯರೇ ಹೇಳಬೇಕು.

ವೆಚ್ಚದ ಲೆಕ್ಕವೂ ಹೀಗೆಯೇ. ಯಂತ್ರ ಮತ್ತು ಮುದ್ರಕಕ್ಕೆ 80,000 ರೂಪಾಯಿ ಎಂದುಕೊಳ್ಳೋಣ. ಅಂತರ್ಜಾಲ, ಟೋನರ್, ಕಾಗದ, ಯುಪಿಎಸ್ ಬ್ಯಾಟರಿ ಮತ್ತು ದುರಸ್ತಿಗೆ ವರ್ಷಕ್ಕೆ 24,000 ರೂಪಾಯಿ ಬೇಕಾದರೆ ಐದು ವರ್ಷಕ್ಕೆ 1,20,000 ರೂಪಾಯಿ. ಒಟ್ಟು 2,00,000 ರೂಪಾಯಿಯಲ್ಲಿ ಖರೀದಿಯ ಪಾಲು ಅರ್ಧಕ್ಕಿಂತ ಕಡಿಮೆ. ಆಯವ್ಯಯದಲ್ಲಿ ಖರೀದಿಗೆ ಮಾತ್ರ ಹಣ ಇಟ್ಟರೆ, ಬ್ಯಾಟರಿ ಕೆಟ್ಟ ದಿನ ಇಡೀ ಸೇವೆ ನಿಲ್ಲುತ್ತದೆ.

6. ಸಹಿಯ ಕೀಲಿ ಮತ್ತು ಜನರ ಮಾಹಿತಿ

ಇ-ಸ್ವತ್ತಿನಲ್ಲಿ ನಮೂನೆ 9, 11ಎ ಮತ್ತು 11ಬಿಗಳು ಡಿಜಿಟಲ್ ಸಹಿಯೊಡನೆ ಹೊರಬರುತ್ತವೆ. ಪಂಚಾಯಿತಿಯ ಪಾವತಿಗಳಿಗೆ ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಡಿಜಿಟಲ್ ಸಹಿ ಬೇಕು. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ ಇದಕ್ಕೆ ಕಾನೂನಿನ ಮಾನ್ಯತೆ ಇದೆ. ಸಹಿಯ ಕೀಲಿಯನ್ನು ತನ್ನ ವಶದಲ್ಲಿಯೇ ಇಟ್ಟುಕೊಳ್ಳುವ ಹೊಣೆ ಅದನ್ನು ಪಡೆದವರದೇ.

ಆದ್ದರಿಂದ ಕೀಲಿಯನ್ನೂ ಅದರ ಗುಪ್ತಸಂಖ್ಯೆಯನ್ನೂ 'ಅನುಕೂಲಕ್ಕಾಗಿ' ಕಚೇರಿಯ ಮೇಜಿನ ಖಾನೆಯಲ್ಲಿ ಬಿಡುವುದು, ಸಹಿ ಹಾಕಿದ ಖಾಲಿ ಚೆಕ್ಕನ್ನು ಬಿಟ್ಟುಹೋದುದಕ್ಕೆ ಸಮ. ಅದು ಗಣಕಯಂತ್ರ ನಿರ್ವಾಹಕರ ಕೈಯಲ್ಲಿಯೂ ಇರಬಾರದು; ಅಧ್ಯಕ್ಷರ ಕುಟುಂಬದವರ ಕೈಯಲ್ಲಿಯೂ ಇರಬಾರದು. ಮಹಿಳಾ ಅಧ್ಯಕ್ಷರು ವಿಶೇಷವಾಗಿ ಗಮನಿಸಬೇಕಾದ ಮಾತಿದು: ಪಾವತಿಯ ವಿವರವನ್ನು ತಾವೇ ಓದಿಸಿ ಕೇಳಿ, ತಮ್ಮ ಕೈಯಿಂದಲೇ ಸಹಿ ಮಾಡಬೇಕು. ಮುಂದೆ ಲೆಕ್ಕ ಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವರು ಅವರೇ. ಕೀಲಿಯನ್ನು ಬಳಸಿದ ಬೇರೊಬ್ಬರಲ್ಲ.

ಜನರ ಆಧಾರ್ ಪ್ರತಿ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚುವುದು ಕೂಡದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಪ್ರತ್ಯೇಕ ಅಧಿನಿಯಮವನ್ನು ಅಂಗೀಕರಿಸಿದೆ. ಫಲಾನುಭವಿಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕುವಾಗ ಹೆಸರು ಸಾಕು. ಖಾತೆ ಸಂಖ್ಯೆ ಬೇಡ.

7. ವ್ಯವಸ್ಥೆಯ ಹೊರಗೆ ಉಳಿಯುವವರು

ಪ್ರತಿ ಹೊಸ ವ್ಯವಸ್ಥೆಯ ಹೊರಗೆ ಕೆಲವರು ಉಳಿದುಬಿಡುತ್ತಾರೆ. ನೆಟ್‌ವರ್ಕ್ ಇಲ್ಲದ ಕೆರೆಯಂಗಳದಲ್ಲಿ ದುಡಿದ ಕೂಲಿಕಾರರ ಎರಡನೆಯ ಛಾಯಾಚಿತ್ರ ಸಕಾಲಕ್ಕೆ ಸೇರದಿದ್ದರೆ ಅವರ ದಿನದ ಕೂಲಿಗೇ ಕುತ್ತು ಬರಬಹುದು. ಬೆರಳಚ್ಚು ಸವೆದ ವೃದ್ಧರು, ಗಂಡನ ಹೆಸರಿನಲ್ಲಿಯೇ ಮನೆ ಉಳಿದಿರುವ ವಿಧವೆಯರು, ಗುಳೆ ಹೋದ ಕುಟುಂಬಗಳು ಪರದೆಯ ಮೇಲೆ 'ದಾಖಲೆ ಲಭ್ಯವಿಲ್ಲ' ಎಂಬ ಒಂದು ಸಾಲಾಗಿ ಮಾತ್ರ ಕಾಣುತ್ತಾರೆ. ಸದಸ್ಯರಿಗೆ ಅವರು ಹೆಸರು ಹಿಡಿದು ಗೊತ್ತಿರುವ ನೆರೆಹೊರೆಯವರು. ಯಾವ ಯೋಜನೆಯನ್ನು ಒಪ್ಪುವಾಗಲೂ, ಯಂತ್ರ ಸ್ವೀಕರಿಸದವರಿಗೆ ಬೇರೆ ದಾರಿ ಏನು, ಅದನ್ನು ಯಾರು, ಎಷ್ಟು ದಿನದಲ್ಲಿ ಮಾಡಿಕೊಡುತ್ತಾರೆ ಎಂಬುದನ್ನು ನಡವಳಿಯಲ್ಲಿ ಬರೆಸಬೇಕು.

8. ಸಭೆಯಲ್ಲಿ ಕೇಳಬೇಕಾದ ಏಳು ಪ್ರಶ್ನೆಗಳು

1. ಇದರಿಂದ ಯಾರ ಯಾವ ತೊಂದರೆ ನಿವಾರಣೆಯಾಗುತ್ತದೆ?
2. ಹೊಣೆ ಹೊತ್ತವರು ಯಾರು? ಅವರು ರಜೆಯಲ್ಲಿದ್ದರೆ ಯಾರು?
3. ಈಗಿರುವ ದಾಖಲೆಯನ್ನು ಯಾರು ಪರಿಶೀಲಿಸಿದ್ದಾರೆ?
4. ಯಾವ ವಾರ್ಡಿನಲ್ಲಿ ಪ್ರಯೋಗ ನಡೆಯಿತು? ಏನು ಕಂಡುಬಂತು?
5. ಮುಂದಿನ ಐದು ವರ್ಷದ ವೆಚ್ಚ ಎಷ್ಟು? ಅದು ಯಾವ ಲೆಕ್ಕ ಶೀರ್ಷಿಕೆಯಿಂದ?
6. ವಿದ್ಯುತ್ ಅಥವಾ ಅಂತರ್ಜಾಲ ಇಲ್ಲದ ದಿನ ಸೇವೆ ಹೇಗೆ ನಡೆಯುತ್ತದೆ? ದಾಖಲೆಯ ಪ್ರತಿ ಎಲ್ಲಿದೆ?
7. ಹೊರಗುಳಿದವರ ಸಂಖ್ಯೆ ಎಷ್ಟು? ಅವರಿಗೆ ಏನು ವ್ಯವಸ್ಥೆ?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಪ್ರಗತಿಯನ್ನು ಅವುಗಳೊಡನೆ ಹೋಲಿಸಿ ನೋಡಬೇಕು. ಜಮಾಬಂದಿಯ ಸಂದರ್ಭದಲ್ಲಿ ಗ್ರಾಮಸ್ಥರ ಮುಂದೆ ಓದಿ ಹೇಳಬೇಕು. ಸಿಬ್ಬಂದಿಯನ್ನು ತಪ್ಪಿತಸ್ಥರನ್ನಾಗಿಸುವುದು ಈ ಪ್ರಶ್ನೆಗಳ ಉದ್ದೇಶವಲ್ಲ. ಒಬ್ಬರೇ ನಿರ್ವಾಹಕರ ಮೇಲೆ ಹತ್ತು ತಂತ್ರಾಂಶಗಳ ಭಾರ ಬಿದ್ದಿರುವುದು ಸಭೆಯ ಗಮನಕ್ಕೆ ಬರುವುದೂ ಇಂತಹ ಪ್ರಶ್ನೆಗಳಿಂದಲೇ.

ಸಾರಾಂಶ

ಯಂತ್ರ ಖರೀದಿ ಯೋಜನೆಯ ಒಂದು ಹಂತ ಮಾತ್ರ. ದಾಖಲೆಯ ಶುದ್ಧತೆ, ಹೊಣೆಯ ಸ್ಪಷ್ಟತೆ, ಪ್ರಯೋಗ, ಹಳೆಯ ಪದ್ಧತಿಯ ಮುಕ್ತಾಯ ಮತ್ತು ಮುಂದಿನ ನಿರ್ವಹಣೆ ಇವು ಸೇರಿದಾಗಲೇ ಯೋಜನೆ ಪೂರ್ಣ. ಅದು ಪೂರ್ಣವಾಯಿತು ಎಂಬುದಕ್ಕೆ ಸಾಕ್ಷಿ ಉದ್ಘಾಟನೆಯ ಛಾಯಾಚಿತ್ರವಲ್ಲ. ಒಮ್ಮೆ ಕಚೇರಿಗೆ ಬಂದು, ತನ್ನ ಮನೆಯ ಸರಿಯಾದ ದಾಖಲೆ ಪಡೆದು, ಮತ್ತೆ ಅದೇ ಕೆಲಸಕ್ಕೆ ಬರಬೇಕಾಗದ ಗ್ರಾಮಸ್ಥರು.

ಅಭ್ಯಾಸ

1. ತಮ್ಮ ವಾರ್ಡಿನ ಯಾವುದಾದರೂ ಹತ್ತು ಮನೆಗಳ ದಾಖಲೆಯನ್ನು ಬೇಡಿಕೆ ವಹಿ, ಗಣಕಯಂತ್ರ ಮತ್ತು ಸ್ಥಳ ಈ ಮೂರರಲ್ಲಿ ತಾಳೆ ನೋಡಿ. ಎಷ್ಟರಲ್ಲಿ ವ್ಯತ್ಯಾಸವಿದೆ?
2. ಆ ವ್ಯತ್ಯಾಸದ ಆಧಾರದ ಮೇಲೆ ಇಡೀ ಪಂಚಾಯಿತಿಯ ತಿದ್ದುಪಡಿಗೆ ಬೇಕಾಗುವ ದಿನಗಳನ್ನು 5ನೇ ಭಾಗದ ಕ್ರಮದಂತೆ ಲೆಕ್ಕ ಹಾಕಿ.
3. ತಮ್ಮ ಪಂಚಾಯಿತಿಯಲ್ಲಿ ಡಿಜಿಟಲ್ ಸಹಿಯ ಕೀಲಿಗಳು ಪ್ರಸ್ತುತ ಯಾರ ವಶದಲ್ಲಿವೆ ಎಂಬುದನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಕೇಳಿ ತಿಳಿದು, ಉತ್ತರವನ್ನು ನಡವಳಿಯಲ್ಲಿ ದಾಖಲಿಸಿ.